ಇಫ್, ವುಡ್, ಹ್ಯಾಡ್: ಕನ್ನಡ ಮೀಡಿಯಂನವರು ಎಡವುವ ಜಾಗಗಳು

‘ಇಫ್ ಯು ಹ್ಯಾಡ್ ಕಾಲ್ಡ್ ಮಿ, ಐ ವಾಸ್ ಕಮಿಂಗ್.’

ಈ ವಾಕ್ಯದಲ್ಲಿ ಏನು ತಪ್ಪು ಅಂತ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳನ್ನು ಕೇಳಿ ನೋಡಿ. ಹೆಚ್ಚಿನವರಿಗೆ ತಪ್ಪು ಕಾಣುವುದೇ ಇಲ್ಲ. ಮಕ್ಕಳು ದಡ್ಡರು ಅಂತ ಅಲ್ಲ. ‘ನೀನು ಕರೆದಿದ್ದರೆ ನಾನು ಬರುತ್ತಿದ್ದೆ’ ಅನ್ನುವುದು ಅಚ್ಚ ಕನ್ನಡ. ‘ಬರುತ್ತಿದ್ದೆ’ ಅಂದರೆ ‘ವಾಸ್ ಕಮಿಂಗ್’ ಅಂತ ಶಾಲೆಯಲ್ಲಿ ಟೆನ್ಸ್ ಪಾಠ ಮಾಡುವಾಗ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ಪದಕ್ಕೆ ಪದ ಇಟ್ಟು ಬರೆದರು, ಅಷ್ಟೇ. ಸರಿಯಾದದ್ದು ‘ಇಫ್ ಯು ಹ್ಯಾಡ್ ಕಾಲ್ಡ್ ಮಿ, ಐ ವುಡ್ ಹ್ಯಾವ್ ಕಮ್’.

ಗೈಡುಗಳಲ್ಲಿ ಇಂಥ ‘ಇಫ್’ ವಾಕ್ಯಗಳಿಗೆ ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಕಂಡಿಷನಲ್ ಅಂತ ಪಟ್ಟಿ ಇರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಬಾಯಿಪಾಠ ಮಾಡಬಹುದು, ಪರೀಕ್ಷೆ ಮುಗಿದ ಮಾರನೇ ದಿನ ಮರೆಯಬಹುದು. ನನ್ನ ಪ್ರಕಾರ ನಮಗೆ ಅದಕ್ಕಿಂತ ಬೇರೆ ದಾರಿ ಬೇಕು. ನಾವು ಎಡವುವುದು ಹೆಚ್ಚುಕಡಿಮೆ ಮೂರು ಕನ್ನಡ ರೂಪಗಳಲ್ಲಿ: ‘ಬಂದರೆ’, ‘ಬರುತ್ತಿದ್ದೆ’, ‘ಹೋಗಿದ್ದೆ’. ಈ ಮೂರೂ ಕನ್ನಡದಲ್ಲಿ ಒಂದಕ್ಕಿಂತ ಜಾಸ್ತಿ ಕೆಲಸ ಮಾಡುತ್ತವೆ. ಇಂಗ್ಲಿಷಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ರೂಪ ಇದೆ. ಯಾವ ಕೆಲಸ ಅಂತ ಮೊದಲು ಗುರುತಿಸಿ, ಆಮೇಲೆ ಇಂಗ್ಲಿಷಿಗೆ ಕೈ ಹಾಕಿ.

ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿ, ಆಮೇಲೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಕಿವಿಗೂ ಕೈಗೂ ಒಟ್ಟಿಗೆ ಅಭ್ಯಾಸ ಆಗುತ್ತದೆ.

‘ಬಂದರೆ’

‘ಬಂದರೆ’ ಅನ್ನುವುದನ್ನು ಬಿಡಿಸಿ ನೋಡಿ. ಒಳಗೆ ‘ಬಂದ’ ಇದೆ. ಹೋದರೆ ಒಳಗೆ ‘ಹೋದ’, ಕೊಟ್ಟರೆ ಒಳಗೆ ‘ಕೊಟ್ಟ’. ಎಲ್ಲವೂ ಆಗಿಹೋದ ಕಾಲದ ರೂಪ. ಆದರೂ ‘ನಾಳೆ ಮಳೆ ಬಂದರೆ’ ಅಂತ ನಾಳೆಯ ಮಾತಿಗೂ ಅದನ್ನೇ ಹೇಳುತ್ತೇವೆ.

ಕಾಸರಗೋಡಿನವರಿಗೆ ಇನ್ನೊಂದು ತಮಾಷೆ ಇದೆ. ಮನೆಯಲ್ಲಿ ಕನ್ನಡವೋ ತುಳುವೋ, ಪೇಟೆಯಲ್ಲಿ ಮಲಯಾಳಂ, ಹೀಗೆ ಎರಡು ಮೂರು ಭಾಷೆ ನಾಲಗೆಯ ತುದಿಯಲ್ಲೇ ಇರುತ್ತವೆ. ಒಂದಾದರೂ ಸಹಾಯಕ್ಕೆ ಬರಬಹುದು ಅಂದುಕೊಂಡರೆ ಅದೂ ಇಲ್ಲ. ಮಲಯಾಳಂನಲ್ಲಿ ‘ವನ್ನು’ ಅಂದರೆ ಬಂದ, ‘ವನ್ನಾಲ್’ ಅಂದರೆ ಬಂದರೆ. ತುಳುವಿನ ‘ಬತ್ತ್ಂಡ’ದಲ್ಲೂ ಅದೇ ಕಥೆ. ಎಲ್ಲ ಕಡೆಯೂ ಆಗಿಹೋದ ರೂಪದ ಮೇಲೆಯೇ ‘ರೆ’ ಕೂತಿದೆ. ಹಾಗಾಗಿ ‘ಇಫ್ ರೈನ್ ಕೇಮ್ ಟುಮಾರೊ, ವಿ ವಿಲ್ ನಾಟ್ ಗೋ’ ಅಂತ ಬರೆದರೆ ನಮ್ಮ ಕಿವಿಗೆ ಏನೂ ತೊಡಕು ಅನಿಸುವುದಿಲ್ಲ.

ಇಂಗ್ಲಿಷ್ ಇಲ್ಲಿ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ: ಇದು ಇನ್ನೂ ಆಗಬಹುದಾ, ಸುಮ್ನೆ ಊಹೆಯಾ, ಅಥವಾ ಅವಕಾಶವೇ ದಾಟಿಹೋಯಿತಾ? ಉತ್ತರ ನೋಡಿಕೊಂಡು ರೂಪ ಬದಲಾಗುತ್ತದೆ. ತೋಟದ ಮಾತನ್ನೇ ತೆಗೆದುಕೊಳ್ಳೋಣ. ಅಡಿಕೆಗೆ ಕೊಳೆರೋಗ ಬರಬಾರದು ಅಂತ ಮಳೆಗಾಲ ಹಿಡಿಯುವ ಮೊದಲೇ ಒಮ್ಮೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುತ್ತೇವೆ, ಅಂದರೆ ಸಿಂಪಡಿಸುತ್ತೇವೆ, 40–45 ದಿನ ಕಳೆದು ಮತ್ತೊಮ್ಮೆ. ಎರಡನೇ ಸಲದ ಹೊತ್ತಿಗೆ ಮಳೆ ಬಿಟ್ಟು ಕೊಡಬೇಕಲ್ಲ, ಅಲ್ಲಿ ಶುರುವಾಗುತ್ತದೆ ‘ರೆ’ಗಳ ಸಾಲು.

ನಾಳೆ ಮಳೆ ಬಿಟ್ಟರೆ ಮದ್ದು ಬಿಡುತ್ತೇವೆ. ಆಗುವ ಮಾತು. ಮಳೆ ನಿಲ್ಲಬಹುದು, ನಿಲ್ಲದೆಯೂ ಇರಬಹುದು. ‘ಇಫ್ ಇಟ್ ಸ್ಟಾಪ್ಸ್ ರೇನಿಂಗ್ ಟುಮಾರೊ, ವಿ ವಿಲ್ ಸ್ಪ್ರೇ.’ ಇಫ್ ಇರುವ ಕಡೆ ಸಾದಾ ಪ್ರೆಸೆಂಟ್, ಇನ್ನೊಂದು ಕಡೆ ವಿಲ್.

ನಮ್ಮ ಹತ್ತಿರ ಡ್ರೋನ್ ಇದ್ದರೆ ಮರ ಹತ್ತುವವರಿಗೆ ಕಾಯಬೇಕಾಗಿರಲಿಲ್ಲ. ಡ್ರೋನ್ ಇಲ್ಲ, ಸದ್ಯಕ್ಕೆ ಬರುವ ಅಂದಾಜೂ ಇಲ್ಲ. ಊಹೆ. ‘ಇಫ್ ವಿ ಹ್ಯಾಡ್ ಅ ಡ್ರೋನ್, ವಿ ವುಡ್ ನಾಟ್ ವೇಟ್ ಫಾರ್ ಅ ಕ್ಲೈಂಬರ್.’ ಇಫ್ ಕಡೆ ಪಾಸ್ಟ್ ರೂಪ, ಇನ್ನೊಂದು ಕಡೆ ವುಡ್.

ಮಳೆಗೆ ಮೊದಲೇ ಮದ್ದು ಬಿಟ್ಟಿದ್ದರೆ ಅಡಿಕೆ ಉದುರುತ್ತಿರಲಿಲ್ಲ. ಬಿಡಲಿಲ್ಲ, ಉದುರಿತು, ಕಥೆ ಮುಗಿಯಿತು. ‘ಇಫ್ ವಿ ಹ್ಯಾಡ್ ಸ್ಪ್ರೇಡ್ ಬಿಫೋರ್ ದ ರೇನ್ಸ್, ದ ನಟ್ಸ್ ವುಡ್ ನಾಟ್ ಹ್ಯಾವ್ ಫಾಲನ್.’ ಇಫ್ ಕಡೆ ಹ್ಯಾಡ್ ಮತ್ತು ಕ್ರಿಯಾಪದದ ಮೂರನೇ ರೂಪ (ಗೋ, ವೆಂಟ್, ಗಾನ್‌ನಲ್ಲಿ ‘ಗಾನ್’ ಥರದ್ದು), ಇನ್ನೊಂದು ಕಡೆ ವುಡ್ ಹ್ಯಾವ್ ಮತ್ತು ಮೂರನೇ ರೂಪ.

ಗೈಡಿನವರು ಹೇಳುವ ಫಸ್ಟ್, ಸೆಕೆಂಡ್, ಥರ್ಡ್ ಅಂದರೆ ಇವೇ. ಝೀರೋ ಅನ್ನುವುದು ಯಾವಾಗಲೂ ಹಾಗೇ ಆಗುವ ಮಾತಿಗೆ: ‘ಇಫ್ ಕೊಪ್ರಾ ಗೆಟ್ಸ್ ವೆಟ್, ಇಟ್ ಗೋಸ್ ಮೋಲ್ಡಿ.’ ಕೊಬ್ಬರಿ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಎರಡೂ ಕಡೆ ಪ್ರೆಸೆಂಟ್, ಅಷ್ಟೇ. ಅದರಲ್ಲಿ ತಪ್ಪುವವರು ಕಡಿಮೆ.

ಎರಡನೆಯದರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ಡ್ರೋನ್ ಇಲ್ಲದಿರುವುದು ಈಗ. ಮತ್ತೆ ಹ್ಯಾಡ್ ಅಂತ ಪಾಸ್ಟ್ ಯಾಕೆ? ಇದಕ್ಕೆ ಉತ್ತರ ನಮ್ಮ ಬಾಯಲ್ಲೇ ಇದೆ ಮಾರಾಯರೇ. ಪಂಚಾಯತ್ ಆಫೀಸಿನಲ್ಲಿ ಕಿಟಕಿಯ ಮುಂದೆ ನಿಂತು ‘ಒಂದು ಸರ್ಟಿಫಿಕೇಟ್ ಬೇಕಿತ್ತು’ ಅನ್ನುತ್ತೇವೆ. ಬೇಕಾಗಿರುವುದು ಈಗ, ನಿನ್ನೆ ಅಲ್ಲ. ‘ಬೇಕು’ ಅಂದರೆ ಒರಟು ಅಂತ ಒಂದು ಹೆಜ್ಜೆ ಹಿಂದೆ ಸರಿದು ‘ಬೇಕಿತ್ತು’ ಅನ್ನುತ್ತೇವೆ. ಅಡುಗೆಮನೆಯಿಂದ ಅಮ್ಮ ಊಟಕ್ಕೆ ಕರೆದರೆ ಕೂತಲ್ಲಿಂದಲೇ ‘ಬಂದೆ’ ಅನ್ನುತ್ತೇವೆ, ಇನ್ನೂ ಎದ್ದಿರುವುದೇ ಇಲ್ಲ. ಅಂದರೆ ಕನ್ನಡದಲ್ಲೂ ಪಾಸ್ಟ್ ರೂಪಕ್ಕೆ ಯಾವಾಗಲೂ ಪಾಸ್ಟ್ ಅರ್ಥ ಇರುವುದಿಲ್ಲ. ಇಂಗ್ಲಿಷಿನಲ್ಲೂ ಹಾಗೇ. ನಿಜದಿಂದ ದೂರ ಇದೆ ಅಂತ ತೋರಿಸಲು ರೂಪವನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತಾರೆ. ಈಗಿನ ಊಹೆಗೆ ಪಾಸ್ಟ್ ರೂಪ. ಆಗಿಹೋದದ್ದರ ಊಹೆಗೆ ಮತ್ತೂ ಒಂದು ಹೆಜ್ಜೆ ಹಿಂದೆ, ಅಂದರೆ ಹ್ಯಾಡ್ ಸೇರಿಸಿ. ಇದೊಂದು ತಲೆಯಲ್ಲಿ ಕೂತರೆ ಪಟ್ಟಿ ಬಾಯಿಪಾಠ ಬೇಡ.

ಮರ್ಯಾದೆಯ ಮಾತಿಗೂ ಇದೇ ಲೆಕ್ಕ. ‘ಕ್ಯಾನ್ ಯು’ ಬದಲು ‘ಕುಡ್ ಯು’, ‘ಐ ವಾಂಟ್ ಟು ಆಸ್ಕ್’ ಬದಲು ‘ಐ ವಾಂಟೆಡ್ ಟು ಆಸ್ಕ್’. ‘ಬೇಕಿತ್ತು’ವಿನ ಅಣ್ಣತಮ್ಮಂದಿರು ಇವು.

ಇನ್ನು ಒಂದು ಗಟ್ಟಿ ನಿಯಮ. ಇಫ್ ಇರುವ ತುಂಡಿನಲ್ಲಿ ವಿಲ್ ಬೇಡ, ವುಡ್ ಕೂಡ ಬೇಡ. ‘ಇಫ್ ಹಿ ವಿಲ್ ಕಮ್’ ತಪ್ಪು, ‘ಇಫ್ ಐ ವುಡ್ ಹ್ಯಾವ್ ನೋನ್’ ತಪ್ಪು. ಎರಡನೆಯದನ್ನು ಅಮೆರಿಕದವರ ಮಾತಿನಲ್ಲಿ ಕೇಳಿರಬಹುದು, ಆದರೆ ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಬರೆಯಬೇಡಿ. ‘ಇಫ್ ಯು ವಿಲ್ ವೇಟ್ ಅ ಮಿನಿಟ್’ ಅಂತ ವಿನಯದಿಂದ ಕೇಳಿಕೊಳ್ಳುವಾಗ ವಿಲ್ ಬರುತ್ತದೆ. ಅದನ್ನು ಬಿಟ್ಟು ಉಳಿದ ಕಡೆ ಕಣ್ಣುಮುಚ್ಚಿ ತೆಗೆದುಹಾಕಿದರೆ ನೂರಕ್ಕೆ ತೊಂಬತ್ತು ವಾಕ್ಯ ಸರಿಹೋಗುತ್ತದೆ. ಮುಂದಿನ ಮಾತಿಗೆ ‘ವೆನ್’ ಬಂದಾಗಲೂ ಇದೇ ನಿಯಮ: ‘ವೆನ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್’. ‘ವೆನ್ ಹಿ ವಿಲ್ ಕಮ್’ ಅಂತ ಅಲ್ಲ.

‘ಇಫ್ ಐ ವರ್ ಯು’ ಅನ್ನುವಾಗ ‘ವಾಸ್’ ಯಾಕಿಲ್ಲ ಅಂತ ಕೆಲವರು ತಲೆ ಕೆಡಿಸಿಕೊಳ್ಳುತ್ತಾರೆ. ಊಹೆಯ ಮಾತಿಗೆ ಐ, ಹಿ, ಶಿ, ಇಟ್ ಎಲ್ಲಕ್ಕೂ ‘ವರ್’ ಹಾಕುವ ಹಳೆಯ ಪದ್ಧತಿ ಅದು. ಆಡುಮಾತಿನಲ್ಲಿ ‘ವಾಸ್’ ಕೂಡ ನಡೆಯುತ್ತದೆ. ಪರೀಕ್ಷೆಯಲ್ಲಿ ‘ವರ್’ ಬರೆದರೆ ಯಾರೂ ತಗಾದೆ ಮಾಡುವುದಿಲ್ಲ, ಹಾಗಾಗಿ ಅದನ್ನೇ ಬರೆಯಿರಿ.

‘ಬರುತ್ತಿದ್ದೆ’ ಮಾಡುವ ನಾಲ್ಕು ಕೆಲಸ

ನಿಜವಾದ ಗೊಂದಲ ಇಲ್ಲಿದೆ. ಇದರಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

‘ನೀನು ಫೋನ್ ಮಾಡುವಾಗ ನಾನು ಉಪ್ಪಳದಿಂದ ಬರುತ್ತಿದ್ದೆ.’ ಆ ಹೊತ್ತಿಗೆ ದಾರಿಯಲ್ಲಿದ್ದೆ. ಇಲ್ಲಿ ‘ಐ ವಾಸ್ ಕಮಿಂಗ್’ ಸರಿ.

‘ಶಾಲೆಗೆ ನಾವು ದಿನಾ ನಡೆದುಕೊಂಡು ಬರುತ್ತಿದ್ದೆವು.’ ಇದು ರೂಢಿ. ‘ವಿ ಯೂಸ್ಡ್ ಟು ವಾಕ್ ಟು ಸ್ಕೂಲ್’, ಅಥವಾ ಸುಮ್ನೆ ‘ವಿ ವಾಕ್ಡ್ ಟು ಸ್ಕೂಲ್ ಎವ್ರಿ ಡೇ’. ‘ವಿ ವರ್ ವಾಕಿಂಗ್ ಟು ಸ್ಕೂಲ್ ಎವ್ರಿ ಡೇ’ ಅಂತ ಬರೆಯುವವರು ನಮ್ಮಲ್ಲಿ ತುಂಬ ಜನ.

‘ರಜೆ ಇದ್ದರೆ ಈಗಲೇ ಬರುತ್ತಿದ್ದೆ.’ ರಜೆ ಇಲ್ಲ, ಬರುವುದೂ ಇಲ್ಲ, ಮಾತು ಈಗಿನದು. ‘ಇಫ್ ಐ ಹ್ಯಾಡ್ ಲೀವ್, ಐ ವುಡ್ ಕಮ್ ರೈಟ್ ನೌ.’

‘ನೀನು ಕರೆದಿದ್ದರೆ ಬರುತ್ತಿದ್ದೆ.’ ಕರೆಯಲಿಲ್ಲ, ಬರಲಿಲ್ಲ, ಕಾರ್ಯಕ್ರಮ ಮುಗಿದೇಹೋಗಿದೆ. ‘ಐ ವುಡ್ ಹ್ಯಾವ್ ಕಮ್.’

ಕನ್ನಡದಲ್ಲಿ ಒಂದೇ ಒಂದು ‘ಬರುತ್ತಿದ್ದೆ’, ಇಂಗ್ಲಿಷಿನಲ್ಲಿ ನಾಲ್ಕು. ಗುರುತಿಸಲು ಒಂದು ಸುಲಭ ಪರೀಕ್ಷೆ ಇದೆ. ವಾಕ್ಯಕ್ಕೆ ಒಂದು ಬಾಲ ಅಂಟಿಸಿ ನೋಡಿ. ‘ದಿನಾ’ ಸೇರಿಸಿದರೆ ಹೊಂದುತ್ತದಾ? ಹಾಗಾದರೆ ‘ಯೂಸ್ಡ್ ಟು’. ‘ಆ ಹೊತ್ತಿಗೆ ಸರಿಯಾಗಿ’ ಅಂದರೆ ಹೊಂದುತ್ತದಾ? ‘ವಾಸ್’ ಅಥವಾ ‘ವರ್’ ಜೊತೆ ಐಎನ್‌ಜಿ ರೂಪ. ಕೊನೆಗೆ ‘ಆದರೆ ಏನು ಮಾಡುವುದು, ಆಗುವುದಿಲ್ಲ’ ಅಂತ ಸೇರಿಸಬಹುದಾ? ‘ವುಡ್’. ‘ಆದರೆ ಬರಲಿಲ್ಲ’ ಅಂತ ಸೇರಿಸಬಹುದಾ? ‘ವುಡ್ ಹ್ಯಾವ್’. ಮೊದಮೊದಲು ಬಾಲವನ್ನು ನಿಜವಾಗಿಯೂ ಕನ್ನಡದಲ್ಲಿ ಬರೆದೇ ನೋಡಿ. ಸ್ವಲ್ಪ ದಿನದಲ್ಲಿ ಅದು ಮನಸ್ಸಿನಲ್ಲೇ ಆಗತೊಡಗುತ್ತದೆ.

ರೂಢಿ ಹೇಳುವಾಗ ‘ಯೂಸ್ಡ್ ಟು’ ಬದಲು ‘ವುಡ್’ ಕೂಡ ಬರುತ್ತದೆ: ‘ಎವ್ರಿ ಈವ್ನಿಂಗ್ ಹಿ ವುಡ್ ಸಿಟ್ ಆನ್ ದ ವರಾಂಡ’. ಆದರೆ ಮಾಡುವ ಕೆಲಸಕ್ಕೆ ಮಾತ್ರ, ಇರುವ ಸ್ಥಿತಿಗೆ ಅಲ್ಲ. ಮುರಕಲ್ಲಿನ ಗುಡ್ಡ ಕೊರೆದು ನೀರು ತರುವ ಸುರಂಗ ನಮ್ಮ ಕಡೆ ಎಷ್ಟೋ ಮನೆಗಳ ಹಿಂದೆ ಇತ್ತು, ಅಲ್ವಾ? ‘ನಮ್ಮ ಮನೆ ಹಿಂದೆ ಒಂದು ಸುರಂಗ ಇತ್ತು’ ಅನ್ನಲು ‘ದೇರ್ ಯೂಸ್ಡ್ ಟು ಬಿ ಅ ಸುರಂಗ ಬಿಹೈಂಡ್ ಅವರ್ ಹೌಸ್’. ಇಲ್ಲಿ ‘ದೇರ್ ವುಡ್ ಬಿ’ ಅಂದರೆ ಅರ್ಥವೇ ಕೆಡುತ್ತದೆ. ಇಲ್ಲ ಅನ್ನುವಾಗ ‘ಡಿಡ್ ನಾಟ್ ಯೂಸ್ ಟು’ ಅಂತ ಬರೆಯಿರಿ, ಕೊನೆಯ ಡಿ ಬಿಡಿ.

‘ಇರುತ್ತಿತ್ತು’ ಇನ್ನೂ ಕಿಲಾಡಿ. ನಮ್ಮ ಊರಿನ ಚಹಾದ ಅಂಗಡಿಗಳಲ್ಲಿ ವರ್ಷಗಟ್ಟಲೆ ಕೇಳಿಬಂದ ವಾಕ್ಯ ತೆಗೆದುಕೊಳ್ಳೋಣ. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಹೊಸದಾಗಿ ಗೀಚುವಾಗ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1967ರಲ್ಲಿ ಗಡಿ ವಿವಾದ ನೋಡಲು ಕೇಂದ್ರ ಸರ್ಕಾರ ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಕೊಡಬೇಕು ಅಂತ ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. ‘ಆ ವರದಿ ಜಾರಿಯಾಗಿದ್ದರೆ ಇವತ್ತು ಗಡಿ ಚಂದ್ರಗಿರಿಯಲ್ಲಿ ಇರುತ್ತಿತ್ತು.’ ಇದನ್ನು ಇಂಗ್ಲಿಷ್ ಮಾಡಿ.

ಇಫ್ ಕಡೆಯ ಮಾತು ಹಳೆಯದು, ಮುಗಿದದ್ದು. ಹಾಗಾಗಿ ‘ಇಫ್ ದ ರಿಪೋರ್ಟ್ ಹ್ಯಾಡ್ ಬೀನ್ ಇಂಪ್ಲಿಮೆಂಟೆಡ್’. ಇನ್ನೊಂದು ಕಡೆಯ ಮಾತು ಇವತ್ತಿನದು. ಹಾಗಾಗಿ ‘ದ ಬಾರ್ಡರ್ ವುಡ್ ಬಿ ಅಟ್ ದ ಚಂದ್ರಗಿರಿ ಟುಡೇ’. ‘ವುಡ್ ಹ್ಯಾವ್ ಬೀನ್’ ಬೇಡ, ಯಾಕೆಂದರೆ ಮಾತು ಇವತ್ತಿನದು. ಒಂದು ಕಾಲು ಹಿಂದೆ, ಒಂದು ಕಾಲು ಈಗ. ಇದನ್ನೇ ಮಿಕ್ಸೆಡ್ ಕಂಡಿಷನಲ್ ಅನ್ನುತ್ತಾರೆ. ಇದು ಬಹಳ ಕಷ್ಟ ಅಂತ ಗೈಡುಗಳಲ್ಲಿ ಕೊನೆಯ ಪುಟಕ್ಕೆ ತಳ್ಳಿರುತ್ತಾರೆ. ನನಗೆ ಹಾಗನಿಸುವುದಿಲ್ಲ. ಎರಡು ತುಂಡಿಗೆ ಬೇರೆ ಬೇರೆಯಾಗಿ ‘ಯಾವ ಕಾಲದ ಮಾತು’ ಅಂತ ಕೇಳಿದರೆ ಮುಗಿಯಿತು. ಎರಡು ತುಂಡೂ ಒಂದೇ ನಂಬರಿನ ಕಂಡಿಷನಲ್ಲಿಗೆ ಸೇರಬೇಕು ಅನ್ನುವ ಕಾನೂನು ಎಲ್ಲೂ ಇಲ್ಲ.

‘ಹೋಗಿದ್ದೆ’ ಅಂದ ತಕ್ಷಣ ಹ್ಯಾಡ್ ಬರೆಯಬೇಡಿ

‘ನಿನ್ನೆ ಮಂಗಳೂರಿಗೆ ಹೋಗಿದ್ದೆ.’ ಇದಕ್ಕೆ ‘ಐ ಹ್ಯಾಡ್ ಗಾನ್ ಟು ಮ್ಯಾಂಗಲೋರ್ ಯೆಸ್ಟರ್ಡೇ’ ಅನ್ನುವುದನ್ನು ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆಗೂ ಈಚೆಗೂ ದಿನಾ ಕೇಳುತ್ತೇವೆ. ಕನ್ನಡದಲ್ಲಿ ‘ಹೋಗಿದ್ದೆ’ ಅಂದರೆ ಹೋಗಿ ಬಂದೆ, ಈಗ ಇಲ್ಲಿದ್ದೇನೆ ಅನ್ನುವ ಅರ್ಥ. ಇಂಗ್ಲಿಷ್ ಹ್ಯಾಡ್‌ಗೆ ಆ ಕೆಲಸವೇ ಇಲ್ಲ. ಬರೀ ‘ಐ ವೆಂಟ್ ಟು ಮ್ಯಾಂಗಲೋರ್ ಯೆಸ್ಟರ್ಡೇ’ ಸಾಕು.

ಹಾಗಾದರೆ ಹ್ಯಾಡ್ ಯಾವಾಗ? ಆಗಿಹೋದ ಎರಡು ಸಂಗತಿ ಇದ್ದು, ಒಂದು ಇನ್ನೊಂದಕ್ಕಿಂತ ಮೊದಲೇ ಆಗಿತ್ತು ಅಂತ ತೋರಿಸಬೇಕಾದಾಗ. ‘ವೆನ್ ವಿ ರೀಚ್ಡ್ ಕುಂಬಳೆ, ದ ಬಸ್ ಹ್ಯಾಡ್ ಲೆಫ್ಟ್.’ ನಾವು ಮುಟ್ಟುವ ಮೊದಲೇ ಬಸ್ ಹೋಗಿತ್ತು. ಹ್ಯಾಡ್ ತೆಗೆದು ‘ವೆನ್ ವಿ ರೀಚ್ಡ್ ಕುಂಬಳೆ, ದ ಬಸ್ ಲೆಫ್ಟ್’ ಅಂದರೆ ನಾವು ಮುಟ್ಟಿದ ಹೊತ್ತಿಗೇ ಹೊರಟಿತು ಅಂತ ಅರ್ಥ, ಓಡಿದರೆ ಸಿಕ್ಕಿದರೂ ಸಿಗಬಹುದು. ಒಂದೇ ಒಂದು ಸಂಗತಿ ಇರುವ ವಾಕ್ಯದಲ್ಲಿ ಹ್ಯಾಡ್ ಕಂಡರೆ ಅನುಮಾನ ಪಡಿ.

‘ಕೊಟ್ಟಿದ್ದೇನೆ’ಯ ತೊಂದರೆ ಬೇರೆ. ‘ನಿನ್ನೆ ಅರ್ಜಿ ಕೊಟ್ಟಿದ್ದೇನೆ’ ಅನ್ನಲು ‘ಐ ಹ್ಯಾವ್ ಸಬ್‌ಮಿಟೆಡ್ ದ ಅಪ್ಲಿಕೇಶನ್ ಯೆಸ್ಟರ್ಡೇ’ ಅಂತ ಬರೆಯುತ್ತೇವೆ. ಹ್ಯಾವ್ ಇರುವ ಕಡೆ ಮುಗಿದ ಕಾಲದ ಹೆಸರು ಇರಬಾರದು. ನಿನ್ನೆ, ಮೊನ್ನೆ, ಕಳೆದ ವಾರ, ತಾರೀಕು, ಇಸವಿ, ಯಾವುದೂ. ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ: ‘ಐ ಹ್ಯಾವ್ ಸಬ್‌ಮಿಟೆಡ್ ದ ಅಪ್ಲಿಕೇಶನ್’ ಅಥವಾ ‘ಐ ಸಬ್‌ಮಿಟೆಡ್ ದ ಅಪ್ಲಿಕೇಶನ್ ಯೆಸ್ಟರ್ಡೇ’. ಆಫೀಸಿಗೆ ಬರೆಯುವ ಪತ್ರದಲ್ಲಿ ಎರಡನೆಯದೇ ಒಳ್ಳೆಯದು, ತಾರೀಕು ಇದ್ದರೆ ನಾಳೆ ಜಗಳಕ್ಕೆ ಉಪಯೋಗ ಆಗುತ್ತದೆ.

‘ಐ ಡಿಡ್ ನಾಟ್ ವೆಂಟ್’ ಅನ್ನುವವರಿಗೆ ಒಂದು ಮಾತು. ಕನ್ನಡದ ‘ಹೋಗಲಿಲ್ಲ’ ನೋಡಿ. ಒಳಗೆ ‘ಹೋದ’ ಇದೆಯಾ? ಇಲ್ಲ. ‘ಹೋಗಲು’ ಅನ್ನುವ ಸಾದಾ ರೂಪ ಇದೆ. ಇಂಗ್ಲಿಷಿನಲ್ಲೂ ಡಿಡ್ ಬಂದ ಮೇಲೆ ಸಾದಾ ರೂಪವೇ: ‘ಡಿಡ್ ನಾಟ್ ಗೋ’. ಇಲ್ಲಿ ಕನ್ನಡ ನಮ್ಮ ಪರ ಇದೆ. ಪ್ರಶ್ನೆಯಲ್ಲಿ ಮಾತ್ರ ಕೈಕೊಡುತ್ತದೆ. ‘ಹೋದೆಯಾ?’ ಅನ್ನುವುದರಲ್ಲಿ ಪಾಸ್ಟ್ ಇದೆ, ಅದಕ್ಕೇ ‘ಡಿಡ್ ಯು ವೆಂಟ್’ ಬಾಯಿಗೆ ಬರುತ್ತದೆ. ‘ಡಿಡ್ ಯು ಗೋ’ ಅಂತ ನಾಲಗೆ ತಿರುಗಿಸಿಕೊಳ್ಳಬೇಕು.

ಮಲಯಾಳಂ ಗೊತ್ತಿರುವವರಿಗೆ ಒಂದು ಸುಖ ಇದೆ. ಕನ್ನಡದಲ್ಲಿ ಬಂದೆ, ಬಂದೆವು, ಬಂದನು, ಬಂದಳು, ಬಂದರು ಅಂತ ಯಾರು ಅನ್ನುವುದಕ್ಕೆ ತಕ್ಕಂತೆ ಬಾಲ ಬದಲಾಗುತ್ತದೆ. ಮಲಯಾಳಂನಲ್ಲಿ ಯಾರು ಬಂದರೂ ‘ವನ್ನು’. ಇಂಗ್ಲಿಷಿನಲ್ಲಿ ಯಾರು ಬಂದರೂ ‘ಕೇಮ್’. ಪ್ರೆಸೆಂಟಿನಲ್ಲಿ ‘ಹಿ ಕಮ್ಸ್’ ಅಂತ ಎಸ್ ಸೇರಿಸುವ ತಲೆಬಿಸಿ ಪಾಸ್ಟಿನಲ್ಲಿ ಇಲ್ಲವೇ ಇಲ್ಲ. ವಾಸ್, ವರ್ ಎರಡು ಮಾತ್ರ ನೆನಪಿಟ್ಟುಕೊಳ್ಳಬೇಕು.

ಮೂರನೇ ರೂಪದ ಪಟ್ಟಿ ಮಾತ್ರ ಬಾಯಿಪಾಠವೇ, ಅದಕ್ಕೆ ಉಪಾಯ ಇಲ್ಲ. ಗೋ, ವೆಂಟ್, ಗಾನ್. ಕಮ್, ಕೇಮ್, ಕಮ್. ಸೀ, ಸಾ, ಸೀನ್. ಹ್ಯಾವ್, ಹ್ಯಾಡ್ ಬಂದ ಮೇಲೆ ಮೂರನೆಯದು. ಹಾಗಾಗಿ ‘ವುಡ್ ಹ್ಯಾವ್ ಕೇಮ್’ ತಪ್ಪು, ‘ವುಡ್ ಹ್ಯಾವ್ ಕಮ್’ ಸರಿ. ಪುಟ್, ಕಟ್, ಹಿಟ್, ಶಟ್ ಇಂಥವು ಮೂರರಲ್ಲೂ ಒಂದೇ, ಅವುಗಳನ್ನು ಬೇರೆ ಗುಂಪು ಮಾಡಿಟ್ಟುಕೊಳ್ಳಿ.

ಪಿಎಸ್‌ಸಿಗೆ ಓದುವವರಿಗೆ

ಕೇರಳ ಪಿಎಸ್‌ಸಿ (ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಆಯೋಗ) ಪರೀಕ್ಷೆಯ ಇಂಗ್ಲಿಷ್ ಭಾಗದಲ್ಲಿ ಈ ಪಾಠದಿಂದ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಬರುತ್ತದೆ. ಒಂದು ತುಂಡು ಕೊಟ್ಟು ಇನ್ನೊಂದನ್ನು ಕೇಳುತ್ತಾರೆ. ಅಲ್ಲಿ ಅರ್ಥ ಹುಡುಕುತ್ತಾ ಕೂರುವ ಅಗತ್ಯ ಇಲ್ಲ. ಕೊಟ್ಟ ತುಂಡಿನಲ್ಲಿ ‘ಹ್ಯಾಡ್ ಇನ್ವೈಟೆಡ್’ ಥರ ಇದ್ದರೆ ‘ವುಡ್ ಹ್ಯಾವ್’ ಇರುವ ಉತ್ತರ, ಬರೀ ‘ಇನ್ವೈಟೆಡ್’ ಇದ್ದರೆ ‘ವುಡ್’, ‘ಇನ್ವೈಟ್’ ಇದ್ದರೆ ‘ವಿಲ್’. ಟುಡೇ, ನೌ ಅನ್ನುವ ಪದ ಎಲ್ಲಾದರೂ ಅಡಗಿದೆಯಾ ಅಂತ ಮಾತ್ರ ಒಮ್ಮೆ ನೋಡಿ, ಮಿಕ್ಸೆಡ್ ಇರಬಹುದು.

ಇಫ್ ಕಾಣಿಸದೆ ಬರುವವೂ ಇವೆ. ‘ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್ ಹೆಲ್ಪ್ಡ್’ ಅಂದರೆ ‘ಇಫ್ ಐ ಹ್ಯಾಡ್ ನೋನ್’ ಅಂತಲೇ. ಇಫ್ ತೆಗೆದು ಹ್ಯಾಡ್ ಅನ್ನು ಮುಂದಕ್ಕೆ ತಂದಿದ್ದಾರೆ. ‘ಇಟ್ ಈಸ್ ಹೈ ಟೈಮ್ ವಿ ಸ್ಟಾರ್ಟೆಡ್’, ‘ಐ ವಿಶ್ ಐ ನ್ಯೂ’, ‘ಹಿ ಟಾಕ್ಸ್ ಆಸ್ ಇಫ್ ಹಿ ನ್ಯೂ ಎವ್ರಿಥಿಂಗ್’, ಇವೆಲ್ಲದರಲ್ಲೂ ಮಾತು ಈಗಿನದು, ರೂಪ ಪಾಸ್ಟ್. ‘ಬೇಕಿತ್ತು’ ನೆನಪಿದೆಯಲ್ಲ, ಅದೇ. ಆಗಿಹೋದದ್ದಕ್ಕೆ ಮರುಗುವಾಗ ‘ಐ ವಿಶ್ ಐ ಹ್ಯಾಡ್ ನೋನ್’. ‘ಹೇಳಬೇಕಿತ್ತು’ ಅಂತ ಆಕ್ಷೇಪ ಮಾಡುವಾಗ ‘ಯು ಶುಡ್ ಹ್ಯಾವ್ ಟೋಲ್ಡ್ ಮಿ’.

‘ಅನ್‌ಲೆಸ್’ ಜೊತೆ ನಾಟ್ ಹಾಕಬೇಡಿ. ‘ನೀನು ಬಾರದಿದ್ದರೆ’ಯಲ್ಲಿ ಇರುವ ‘ಇಲ್ಲ’ ಅನ್‌ಲೆಸ್‌ನ ಒಳಗೇ ಇದೆ. ‘ಅನ್‌ಲೆಸ್ ಯು ಕಮ್, ಐ ವಿಲ್ ನಾಟ್ ಗೋ.’ ‘ಬಂದರೂ’ ವಿಷಯದಲ್ಲೂ ಹುಷಾರು. ‘ಮಳೆ ಬಂದರೂ ಹೋಗುತ್ತೇನೆ’ ಅಂದರೆ ‘ಈವನ್ ಇಫ್ ಇಟ್ ರೇನ್ಸ್’, ಇನ್ನೂ ಬಂದಿಲ್ಲ. ‘ಮಳೆ ಬಂದರೂ ಹೋದೆ’ ಅಂದರೆ ‘ದೋ ಇಟ್ ರೇನ್ಡ್’, ಬಂದದ್ದು ನಿಜ.

ಕಿವಿಗೆ ಸಂಬಂಧಿಸಿದ್ದು ಒಂದು. ಮಾತಾಡುವಾಗ ‘ಐ ಹ್ಯಾಡ್’ ಮತ್ತು ‘ಐ ವುಡ್’ ಎರಡೂ ‘ಐಡ್’ ಅಂತಲೇ ಕೇಳಿಸುತ್ತವೆ. ಮುಂದಿನ ಪದ ನೋಡಿ. ‘ಐಡ್ ಗೋ’ ಅಂದರೆ ವುಡ್, ‘ಐಡ್ ಗಾನ್’ ಅಂದರೆ ಹ್ಯಾಡ್. ‘ವುಡ್ ಹ್ಯಾವ್’ ಅನ್ನುವುದು ‘ವುಡವ್’ ಅಂತ ಕೇಳಿಸುತ್ತದೆ, ಅದನ್ನು ‘ವುಡ್ ಆಫ್’ ಅಂತ ಬರೆಯುವ ತಪ್ಪನ್ನು ಇಂಗ್ಲಿಷ್ ಮನೆಮಾತಿನವರೇ ಮಾಡುತ್ತಾರೆ. ನೀವು ಮಾಡಬೇಡಿ.

ಅಭ್ಯಾಸಕ್ಕೆ

ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತಲ್ಲೇ ಹಾಡು ಮಾತಿನಲ್ಲಿ ನಡೆಯುವ ಯಕ್ಷಗಾನ) ಕೇಳುವ ಅಭ್ಯಾಸ ಇದ್ದರೆ ಅದಕ್ಕಿಂತ ಒಳ್ಳೆಯ ಗಣಿ ಬೇರೆ ಇಲ್ಲ. ಅದರಲ್ಲಿ ಪಾತ್ರಗಳ ಮಾತಾಡುವ ಅರ್ಥಧಾರಿಗಳು ವಾದಕ್ಕೆ ಕೂತರೆ ಮಾತು ಮಾತಿಗೂ ‘ಹಾಗಾಗಿದ್ದರೆ ಹೀಗಾಗುತ್ತಿತ್ತು’. ಕುಂತಿ ಮೊದಲೇ ನಿಜ ಹೇಳಿದ್ದರೆ ಕರ್ಣ ಕೌರವನ ಪಕ್ಷದಲ್ಲಿ ನಿಲ್ಲುತ್ತಿದ್ದನೇ? ‘ಇಫ್ ಕುಂತಿ ಹ್ಯಾಡ್ ಟೋಲ್ಡ್ ದ ಟ್ರೂತ್ ಅರ್ಲಿಯರ್, ವುಡ್ ಕರ್ಣ ಹ್ಯಾವ್ ಸ್ಟುಡ್ ವಿತ್ ದ ಕೌರವಾಸ್?’ ಅಭಿಮನ್ಯುವಿಗೆ ಚಕ್ರವ್ಯೂಹದಿಂದ ಹೊರಬರುವ ದಾರಿ ಗೊತ್ತಿದ್ದರೆ? ‘ಇಫ್ ಅಭಿಮನ್ಯು ಹ್ಯಾಡ್ ನೋನ್ ದ ವೇ ಔಟ್, ಹಿ ವುಡ್ ಹ್ಯಾವ್ ಸರ್ವೈವ್ಡ್.’ ಒಂದು ಪ್ರಸಂಗ ಕೇಳಿ ಐದಾರು ವಾಕ್ಯ ಬರೆದುಕೊಂಡು ಇಂಗ್ಲಿಷ್ ಮಾಡಿ. ಪುರಾಣದಲ್ಲಿ ಎಲ್ಲವೂ ಆಗಿ ಮುಗಿದಿರುವುದರಿಂದ ಹ್ಯಾಡ್ ಮತ್ತು ವುಡ್ ಹ್ಯಾವ್ ನಾಲಗೆಗೆ ಚೆನ್ನಾಗಿ ಹತ್ತುತ್ತದೆ.

ಈಗ ಇವನ್ನು ಕೈಯಿಂದ ಮುಚ್ಚಿಕೊಂಡು ಮೊದಲು ನೀವೇ ಪ್ರಯತ್ನಿಸಿ, ಉತ್ತರ ಪಕ್ಕದಲ್ಲೇ ಇದೆ.

ಬೇಗ ಹೊರಟಿದ್ದರೆ ಬಸ್ ಸಿಗುತ್ತಿತ್ತು. ‘ಇಫ್ ವಿ ಹ್ಯಾಡ್ ಲೆಫ್ಟ್ ಅರ್ಲಿ, ವಿ ವುಡ್ ಹ್ಯಾವ್ ಕಾಟ್ ದ ಬಸ್.’ ‘ಆದರೆ ಸಿಗಲಿಲ್ಲ’ ಅನ್ನುವ ಬಾಲ ಹೊಂದುತ್ತದೆ.

ಅಜ್ಜ ಮಳೆಗಾಲದಲ್ಲಿ ರಾತ್ರಿಯೆಲ್ಲ ಕಥೆ ಹೇಳುತ್ತಿದ್ದರು. ‘ಗ್ರ್ಯಾಂಡ್‌ಫಾದರ್ ಯೂಸ್ಡ್ ಟು ಟೆಲ್ ಸ್ಟೋರೀಸ್ ಆಲ್ ನೈಟ್ ಇನ್ ದ ಮಾನ್ಸೂನ್.’ ಇಲ್ಲಿ ಯಾವ ‘ರೆ’ಯೂ ಇಲ್ಲ, ರೂಢಿ.

ಮೊನ್ನೆ ಮಧೂರಿಗೆ ಹೋಗಿದ್ದೆವು. ‘ವಿ ವೆಂಟ್ ಟು ಮಧೂರ್ ದ ಡೇ ಬಿಫೋರ್ ಯೆಸ್ಟರ್ಡೇ.’ ಹ್ಯಾಡ್ ಬರೆದವರು ಹಿಂದೆ ಹೋಗಿ ಓದಿ.

ಅವನು ಫೋನ್ ಮಾಡಿದರೆ ನನಗೆ ಹೇಳು. ‘ಇಫ್ ಹಿ ಕಾಲ್ಸ್, ಟೆಲ್ ಮಿ.’ ‘ಮಾಡಿದರೆ’ ಒಳಗಿನ ‘ಮಾಡಿದ’ ನೋಡಿ ‘ಕಾಲ್ಡ್’ ಬರೆದಿಲ್ಲ ತಾನೇ?

ಕೊನೆಯದು ಸ್ವಲ್ಪ ಬಿಗಿ. ಗಡಿನಾಡಿನ ಕನ್ನಡಿಗರು ಯಾವುದಾದರೂ ಆಫೀಸಿನಿಂದ ಕಾಗದ ಬಂದಾಗ ಪಕ್ಕದ ಮನೆಯವರಿಗೆ ಹೇಳುವ ಮಾತು: ನನಗೆ ಮಲಯಾಳಂ ಓದಲು ಬರುತ್ತಿದ್ದರೆ ಈ ನೋಟಿಸನ್ನು ನಿಮ್ಮ ಹತ್ತಿರ ತರುತ್ತಿರಲಿಲ್ಲ. ಓದಲು ಬಾರದಿರುವುದು ಈಗಲೂ ಇದೆ, ಹಾಗಾಗಿ ಇಫ್ ಕಡೆ ಒಂದೇ ಹೆಜ್ಜೆ ಹಿಂದೆ: ‘ಇಫ್ ಐ ಕುಡ್ ರೀಡ್ ಮಲಯಾಳಂ’. ನೋಟಿಸು ತಂದಾಗಿದೆ, ಕೈಯಲ್ಲೇ ಇದೆ, ಹಾಗಾಗಿ ಆ ಕಡೆ ಎರಡು ಹೆಜ್ಜೆ: ‘ಐ ವುಡ್ ನಾಟ್ ಹ್ಯಾವ್ ಬ್ರಾಟ್ ದಿಸ್ ನೋಟಿಸ್ ಟು ಯು’. ಮಹಾಜನ ವರದಿಯ ವಾಕ್ಯದಲ್ಲಿ ಹಳೆಯದು ಇಫ್ ಕಡೆ ಇತ್ತು, ಇವತ್ತಿನದು ಆಚೆ ಕಡೆ. ಇಲ್ಲಿ ತಿರುಗಾಮುರುಗಾ. ‘ವುಡ್ ನಾಟ್ ಬ್ರಿಂಗ್’ ಅಂತ ಬರೆದಿದ್ದರೆ ಪೂರ್ತಿ ತಪ್ಪಲ್ಲ, ಆದರೆ ಆಗ ಅರ್ಥ ‘ಹೀಗೆ ನೋಟಿಸು ಹಿಡಿದುಕೊಂಡು ಬರುವ ಅಭ್ಯಾಸವೇ ಇರುತ್ತಿರಲಿಲ್ಲ’ ಅಂತ ಆಗುತ್ತದೆ, ಆಗ ‘ದಿಸ್ ನೋಟಿಸ್’ ಬದಲು ‘ನೋಟಿಸಸ್’ ಅಂತ ಮಾಡಿಕೊಳ್ಳಿ.